ಗಿಲಾವು ಮಾಡುವ ಮೊದಲು ಬಿರುಕು ನೋಡಿ



ರಮಝಾನಿಗೆ ಮೊದಲು ಸುಣ್ಣ ಬಣ್ಣ, ಮದುವೆಗೆ ಮೊದಲು ಒಂದು ಕೋಣೆ, ಮಗ ದುಡಿಯತೊಡಗಿದರೆ ಮೇಲೊಂದು ಅಂತಸ್ತು, ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ಒಂದು ಪ್ಲಾಟು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮ್ಮ ಕುಟುಂಬಗಳ ಜೀವಮಾನದ ದುಡಿಮೆಯೆಲ್ಲ ಹೋಗಿ ಸೇರುವುದು ಮನೆಗೆ. ಜುಮಾ ನಮಾಝಿನ ಬಳಿಕ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿಯೂ ಮನೆಯದೇ ಹೆಚ್ಚು. ಈ ಮನೆ ಕೊಳ್ಳಬಹುದೇ? ತಂಗಿಯ ಸಹಿ ಬೇಕೇ? ಅಪ್ಪನ ಮನೆಯ ಮೇಲೆ ನಾನು ಕಟ್ಟಿದ ಅಂತಸ್ತು ಯಾರದು? ಗೋಡೆ ಮತ್ತೆ ಮತ್ತೆ ಸೀಳುತ್ತದೆ, ಏನು ಮಾಡಲಿ?

ಈ ಪ್ರಶ್ನೆಗಳನ್ನು ವರ್ಷಗಳಿಂದ ಕೇಳುತ್ತ ನಾವು ಅರಿತದ್ದು ಇಷ್ಟು. ಮನೆಗೆ ಬಿರುಕು ಎರಡು ಕಡೆಯಿಂದ ಬರುತ್ತದೆ, ನೆಲದಿಂದ ಮತ್ತು ಪಾಲಿನಿಂದ. ನೆಲ ನೋಡದೆ ಕಟ್ಟಿದರೆ ಗೋಡೆ ಸೀಳುತ್ತದೆ. ಪಾಲು ಕೊಡದೆ ಕಟ್ಟಿದರೆ ಸಂಬಂಧ ಸೀಳುತ್ತದೆ. ಎರಡನ್ನೂ ಗಿಲಾವು ಹಚ್ಚಿ ಕೆಲವು ಕಾಲ ಮುಚ್ಚಿಡಬಹುದು, ಆದರೆ ಬಿರುಕು ಒಳಗೆ ಹಾಗೆಯೇ ಇರುತ್ತದೆ. ಹಣ ಕೈಬಿಡುವ ಮೊದಲು ಎರಡನ್ನೂ ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಕಾಗದ

ಮಾರುವವನು ಮನೆ ತೋರಿಸಿದಾಗ ನಾವು ಮೊದಲು ಟೈಲ್ಸ್ ನೋಡುತ್ತೇವೆ. ಮೊದಲು ನೋಡಬೇಕಾದದ್ದು ಉತಾರ. ಮನೆ ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೇಳಿ. ಗಾವಠಾಣದೊಳಗಿನ ಅಥವಾ ಅನುಮೋದನೆ ಪಡೆದ ಬಡಾವಣೆಯ ಆಸ್ತಿಗೆ ನಮೂನೆ 9 ಮತ್ತು 11ಎ ಸಿಗುತ್ತವೆ. 11ಬಿ ಇದ್ದರೆ ಏಕೆ ಹಾಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಪಟ್ಟಣದಲ್ಲಿ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ಇ-ಖಾತೆ ಬೇಕು. ಬಿ ಖಾತೆ ಎಂದರೆ ಕರ ಕಟ್ಟಿಸಿಕೊಳ್ಳಲು ಬರೆದ ದಾಖಲೆ, ಬಡಾವಣೆಗೆ ಸಿಕ್ಕ ಅನುಮೋದನೆ ಅಲ್ಲ. ಹೊಲವನ್ನು ಗುಂಟೆ ಲೆಕ್ಕದಲ್ಲಿ ಹರಿದು ಮಾರುವ ಪ್ಲಾಟುಗಳಲ್ಲಿ ಎನ್ಎ ಆಗಿದೆಯೇ, ನಕ್ಷೆ ಮಂಜೂರಾಗಿದೆಯೇ ಎಂಬ ಎರಡು ಪ್ರಶ್ನೆ ತಪ್ಪದೆ ಕೇಳಿ. ಮುಂದೆ ಆಗುತ್ತದೆ ಎಂಬ ಬಾಯಿಮಾತಿಗೆ ಹಣ ಕೊಡಬೇಡಿ.

ಹಳೇ ಊರಿನೊಳಗಿನ ಮನೆಗೆ ಸಿಟಿ ಸರ್ವೆ ಉತಾರ ತೆಗೆಸಿ, ಅದರಲ್ಲಿರುವ ಅಳತೆಯನ್ನೂ ಸ್ಥಳದ ಅಳತೆಯನ್ನೂ ಟೇಪು ಹಿಡಿದು ಹೋಲಿಸಿ. ಜಮಖಂಡಿಯೂ ಮುಧೋಳವೂ 1948ರವರೆಗೆ ಸಂಸ್ಥಾನಗಳಾಗಿದ್ದವು. ಆ ಕಾಲದ ಕಾಗದಗಳು ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಇರುತ್ತವೆ. ಓದಲು ಬರುವುದಿಲ್ಲವೆಂದು ಅವನ್ನು ಬದಿಗಿಡಬೇಡಿ, ಬಲ್ಲವರಿಂದ ಓದಿಸಿ. ಓಣಿಯ ದಾರಿ, ಸಾಮಾಯಿಕ ಗೋಡೆ, ಬಾವಿಯ ಹಕ್ಕು ಇಂಥವು ಅದರಲ್ಲಿಯೇ ಬರೆದಿರುವುದುಂಟು.

ಸಬ್ ರಜಿಸ್ಟ್ರಾರ್ ಕಚೇರಿಯಿಂದ ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ ತೆಗೆಸಿ. ಉತಾರದಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಬೋಜಾ ಇದ್ದರೆ ಅದು ತೀರಿದ ಪತ್ರ ಬರದೆ ಮುಂದುವರಿಯಬೇಡಿ. ಮಸೀದಿ, ದರ್ಗಾ, ಮಠ, ಗುಡಿ ಯಾವುದರ ಹೆಸರು ಕಂಡರೂ ಅಲ್ಲಿಯೇ ನಿಲ್ಲಿ. ಕರೆಂಟ್ ಬಿಲ್ಲು, ಮನೆಪಟ್ಟಿ, ನೀರಪಟ್ಟಿ ಬಾಕಿ ಇದ್ದರೆ ಅದೂ ಕೊಂಡವನ ತಲೆಗೆ ಬರುತ್ತದೆ. ಖರೀದಿಯಾದ ಮೇಲೆ ಹೆಸ್ಕಾಂ ಮೀಟರನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಇನ್ನು ಬಾಂಡ್ ಪೇಪರಿನ ಮಾತು. ನೂರು ರೂಪಾಯಿ ಬಾಂಡಿನ ಮೇಲೆ ಬರೆದು ನೋಟರಿ ಮಾಡಿಸಿದ ಕಾಗದ ಹಿಡಿದುಕೊಂಡು ಇಪ್ಪತ್ತು ವರ್ಷ ನೆಮ್ಮದಿಯಿಂದ ಕುಳಿತ ಕುಟುಂಬಗಳಿವೆ. ಮಾರಿದವನು ತೀರಿಹೋಗಿ ಅವನ ಮಕ್ಕಳು ಬಾಗಿಲಿಗೆ ಬಂದಾಗ ಆ ಕಾಗದ ಕೈಹಿಡಿಯುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ, ಜಾಗದ ಖರೀದಿ ನೋಂದಣಿಯಾಗಲೇಬೇಕು. ಮುಖತ್ಯಾರ ಪತ್ರದ ಮೇಲೆ ಮಾಡುವ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಖರೀದಿಯ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ 5%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2% ಆಗಿದೆ, ಮೇಲೆ ಸೆಸ್ ಇದೆ. ಹತ್ತು ಲಕ್ಷದ ಮನೆಗೆ ಸುಮಾರು ಮುಕ್ಕಾಲು ಲಕ್ಷ ಇದಕ್ಕೇ ಬೇಕೆಂದು ಮೊದಲೇ ಎತ್ತಿಡಿ. ಈ ಖರ್ಚು ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳುವುದು ಬೇಡ.

ಸಂಚಕಾರ ಕೊಡುವಾಗ ಪೂರ್ತಿ ಬೆಲೆ, ಕೊಟ್ಟ ಹಣ, ಬಾಕಿ ಹಣ, ಖರೀದಿಯ ಕೊನೆಯ ದಿನ, ತಪ್ಪಿದರೆ ಏನು ಎಂಬುದನ್ನೆಲ್ಲ ಬರೆಸಿ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಸೂರಃ ಅಲ್‌ಬಕರದಲ್ಲಿ ದೀರ್ಘವಾಗಿ ತಿಳಿಸಿದೆ. ನಮ್ಮವರೇ ಎಂದು ಬರೆಯದೆ ಬಿಡುವುದು ಪ್ರೀತಿಯಲ್ಲ. ಬರೆದಿಟ್ಟರೆ ಆ ಪ್ರೀತಿ ಉಳಿಯುತ್ತದೆ.

ಸಹಿ ಎಷ್ಟು ಜನರದು?

ಉತಾರದಲ್ಲಿ ಒಬ್ಬರ ಹೆಸರಿದ್ದರೆ ಒಬ್ಬರೇ ಮಾಲೀಕರು ಎಂದು ತಿಳಿಯಬೇಡಿ. ಹಿರಿಯ ಮಗನ ಹೆಸರು ಹಚ್ಚಿ ಉಳಿದವರನ್ನು ಬಿಟ್ಟಿರುವುದು ನಮ್ಮಲ್ಲಿ ಬಹಳ. ತಂದೆ ತೀರಿದ ಗಳಿಗೆಯಿಂದ ಮನೆ ಎಲ್ಲ ವಾರಸುದಾರರದು. ದಫನಿನ ಖರ್ಚು, ಸಾಲ, ಮಾಡಿದ ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದ ಮಿತಿಯಲ್ಲಿ ಅದು, ಇಷ್ಟು ಕಳೆದ ಮೇಲೆ ಉಳಿದದ್ದು ಪಾಲಾಗುತ್ತದೆ. ತಾಯಿಗೆ ಕೊಡದೆ ಉಳಿಸಿಕೊಂಡ ಮಹರ್ ಕೂಡ ತಂದೆಯ ಸಾಲವೇ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಲೆಕ್ಕ ಕಠಿಣವಲ್ಲ. ತಂದೆ ಪತ್ನಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ಬಿಟ್ಟು ತೀರಿದ್ದಾರೆ, ಅವರ ತಂದೆ ತಾಯಿ ಮೊದಲೇ ತೀರಿದ್ದಾರೆ ಎಂದುಕೊಳ್ಳೋಣ. ಮನೆಯ ಬೆಲೆ 20 ಲಕ್ಷ. ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 2.5 ಲಕ್ಷ. ಉಳಿದ 17.5 ಲಕ್ಷದಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಐದು ಪಾಲು. ಒಬ್ಬೊಬ್ಬ ಮಗನಿಗೆ 7 ಲಕ್ಷ, ಮಗಳಿಗೆ 3.5 ಲಕ್ಷ. ಈ ಮನೆಯನ್ನು ಅಣ್ಣತಮ್ಮ ಇಬ್ಬರೇ ಸಹಿ ಮಾಡಿ ಮಾರಿದರೆ ಕೊಂಡವನಿಗೆ ಬರುವುದು ಅವರಿಬ್ಬರ ಪಾಲು ಮಾತ್ರ. ತಾಯಿಯ ಮತ್ತು ತಂಗಿಯ ಪಾಲು, ಸೇರಿ 6 ಲಕ್ಷದ್ದು, ಅವರಲ್ಲಿಯೇ ಉಳಿಯುತ್ತದೆ.

ತಂಗಿ ಬೇಡ ಎಂದಳು, ಬಿಟ್ಟುಕೊಟ್ಟಳು ಎಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಹೇಗೆ ಬಿಟ್ಟಳು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ತನ್ನ ಪಾಲು ಎಷ್ಟು ಎಂದು ಅವಳಿಗೆ ಹೇಳಿರುವುದಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಅವಳಿಗಿರುತ್ತದೆ. ಹೆದರಿ ಸುಮ್ಮನಿದ್ದದ್ದು ಒಪ್ಪಿಗೆಯಲ್ಲ. ಮದುವೆಗೆ ಮಾಡಿದ ಖರ್ಚು ಪಾಲಿಗೆ ವಜಾ ಆಗುವುದಿಲ್ಲ. ಸರಿಯಾದ ದಾರಿ ಇದು: ಮೊದಲು ಅವಳ ಪಾಲಿನ ಬೆಲೆಯನ್ನು ಅವಳಿಗೆ ಸ್ಪಷ್ಟವಾಗಿ ತಿಳಿಸಿ, ಪಾಲನ್ನು ಅವಳ ಕೈಗೆ ಅಥವಾ ಹೆಸರಿಗೆ ಕೊಡಿ. ಆಮೇಲೆ ಅವಳು ಸಂತೋಷದಿಂದ ಅಣ್ಣನಿಗೆ ಏನಾದರೂ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಹಕ್ಕು ಬಿಡುಗಡೆ ಪತ್ರವೂ ನೋಂದಣಿಯಾಗಬೇಕು. ಕೊಳ್ಳುವವರು ವಾರಸಾ ದಾಖಲೆ ತರಿಸಿ, ಹೆಣ್ಣುಮಕ್ಕಳೂ ಸೇರಿದಂತೆ ಪ್ರತಿಯೊಬ್ಬರ ಸಹಿ ಕೇಳಿ. ಅನ್ಯರ ಒಂದು ಗೇಣು ನೆಲವನ್ನು ಅನ್ಯಾಯವಾಗಿ ಒಳಗೆ ಹಾಕಿಕೊಂಡವನ ಕೊರಳಿಗೆ ಅಂತ್ಯದಿನದಲ್ಲಿ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ತಂಗಿಯ ಪಾಲೂ ಅನ್ಯರ ನೆಲವೇ.

ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು. ಗಂಡ ತೀರಿದ ತಾಯಿ ಮಕ್ಕಳನ್ನು ಸಾಕಬಹುದು, ಆದರೆ ಅವರ ಪಾಲಿನ ಮನೆಯನ್ನು ತನ್ನ ಸಹಿಯಿಂದ ಮಾರುವ ಅಧಿಕಾರ ಆಕೆಗಿಲ್ಲ. ಮುಸ್ಲಿಂ ಕಾನೂನಿನಲ್ಲಿ ಮಕ್ಕಳ ಆಸ್ತಿಗೆ ತಂದೆಯ ನಂತರ ತಂದೆ ನೇಮಿಸಿದವರು, ಅವರಿಲ್ಲದಿದ್ದರೆ ಅಜ್ಜ ಪಾಲಕರು. ಉಳಿದವರಿಗೆ ನ್ಯಾಯಾಲಯದ ಅನುಮತಿ ಬೇಕು. 1918ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನೇ ಹೇಳಿತು, ಇಂದಿಗೂ ಕೋರ್ಟುಗಳು ಅದನ್ನೇ ಪಾಲಿಸುತ್ತವೆ. 1890ರ ಪಾಲಕರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದಿಂದ ಅನುಮತಿ ಪಡೆಯದೆ ಮಾಡಿದ ಮಾರಾಟ ಆ ಮಕ್ಕಳ ಪಾಲಿನ ಮಟ್ಟಿಗೆ ನಿಲ್ಲುವುದಿಲ್ಲ. ಕಷ್ಟದಲ್ಲಿರುವ ವಿಧವೆಗೆ ಸಹಾಯವಾಯಿತೆಂದು ಕಡಿಮೆ ಬೆಲೆಗೆ ಕೊಂಡವರು, ಆ ಮಕ್ಕಳು ದೊಡ್ಡವರಾದ ಮೇಲೆ ಕೋರ್ಟಿನ ಮೆಟ್ಟಿಲಲ್ಲಿ ಕುಳಿತಿರಬೇಕಾಗುತ್ತದೆ. ಅನಾಥರ ಸ್ವತ್ತನ್ನು ಅನ್ಯಾಯವಾಗಿ ತಿನ್ನುವುದು ಹೊಟ್ಟೆಗೆ ಬೆಂಕಿ ತುಂಬಿಕೊಂಡಂತೆ ಎಂಬುದು ಕುರ್‌ಆನಿನ ಎಚ್ಚರಿಕೆ.

ಅಪ್ಪನ ಮನೆಯ ಮೇಲೆ ಮಗನ ಅಂತಸ್ತು

ನಮ್ಮ ಮುಂದೆ ಬರುವ ಮನೆ ಜಗಳಗಳಲ್ಲಿ ಬಹುಪಾಲು ಇದೇ. ಒಬ್ಬ ಮಗ ಪುಣೆಯಲ್ಲೋ ಸೌದಿಯಲ್ಲೋ ದುಡಿದು ಹಣ ಕಳಿಸುತ್ತಾನೆ. ಅಪ್ಪನ ಮನೆ ಕೆಡವಿ ಆರ್‌ಸಿಸಿ ಮನೆ ಏಳುತ್ತದೆ. ಉತಾರ ಅಪ್ಪನ ಹೆಸರಲ್ಲೇ ಇರುತ್ತದೆ. ಅಪ್ಪ ತೀರಿದ ಮೇಲೆ, ಕಟ್ಟಿದವನು ನಾನು ಎಂದು ಒಬ್ಬ, ಜಾಗ ಅಪ್ಪನದು ಎಂದು ಉಳಿದವರು. ಇಬ್ಬರ ಮಾತಿನಲ್ಲೂ ಸತ್ಯವಿದೆ, ಬರೆದದ್ದು ಮಾತ್ರ ಏನೂ ಇಲ್ಲ.

ಆದ್ದರಿಂದ ಪಾಯ ತೋಡುವ ಮೊದಲು ಕುಳಿತು ಮಾತಾಡಿ. ಮಗ ಕೊಡುತ್ತಿರುವುದು ತಂದೆಗೆ ಉಡುಗೊರೆಯೇ, ಸಾಲವೇ, ಇಲ್ಲ ತನಗಾಗಿ ಕಟ್ಟಿಕೊಳ್ಳುತ್ತಿರುವ ಮನೆಯೇ? ಮೂರಕ್ಕೂ ಫಲ ಬೇರೆ ಬೇರೆ. ಉಡುಗೊರೆಯಾದರೆ ಅದು ತಂದೆಯ ಆಸ್ತಿ, ಎಲ್ಲರಿಗೂ ಪಾಲು. ಸಾಲವಾದರೆ ಪಾಲು ಮಾಡುವ ಮೊದಲು ಅದು ತೀರಬೇಕು. ತನಗಾಗಿಯಾದರೆ ಜಾಗದ ಆ ಭಾಗವನ್ನು ತಂದೆ ಬದುಕಿರುವಾಗಲೇ ಖರೀದಿ ಅಥವಾ ಹಿಬಾ ಮೂಲಕ ಅವನ ಹೆಸರಿಗೆ ಮಾಡಬೇಕು. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ತಿಳಿದು ಸಾಕ್ಷಿ ಹಾಕಿದ ಒಂದು ಪುಟ ಬರಹ ಮುಂದಿನ ಹತ್ತು ವರ್ಷದ ಜಗಳ ತಪ್ಪಿಸುತ್ತದೆ.

ಹಿಬಾಕ್ಕೆ ಮೂರು ಸಂಗತಿ ಬೇಕು: ಕೊಟ್ಟೆನೆಂಬ ಸ್ಪಷ್ಟ ಮಾತು, ತೆಗೆದುಕೊಂಡೆನೆಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು. ಬಾಯಿಮಾತಿನ ಹಿಬಾ ಕೂಡ ಸಲ್ಲುತ್ತದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೂ ನೋಂದಣಿ ಮಾಡಿಸಿ ಎಂದೇ ನಮ್ಮ ಸಲಹೆ. ಬಾಯಿಮಾತನ್ನು ಕೇಳಿದವರು ಎಷ್ಟು ವರ್ಷ ಬದುಕಿರುತ್ತಾರೆ? ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಖರೀದಿಗಿಂತ ಬಹಳ ಕಡಿಮೆ. ಇನ್ನೊಂದು ಮಾತು. ಒಬ್ಬ ಮಗನಿಗೆ ಮಾತ್ರ ಕೊಟ್ಟು ಉಳಿದವರನ್ನು ಬಿಟ್ಟ ಉಡುಗೊರೆಗೆ ಸಾಕ್ಷಿಯಾಗಲು ಪ್ರವಾದಿ(ಸ)ರು ಒಪ್ಪಲಿಲ್ಲ, ಮಕ್ಕಳ ನಡುವೆ ನ್ಯಾಯ ಪಾಲಿಸಲು ಹೇಳಿದರು. ಹೆಣ್ಣುಮಕ್ಕಳಿಗೆ ಪಾಲು ತಪ್ಪಿಸಲೆಂದೇ ಬರೆಸುವ ಹಿಬಾ ಕಾನೂನಿನಲ್ಲಿ ಗೆದ್ದರೂ ಅಲ್ಲಾಹನ ಮುಂದೆ ಗೆಲ್ಲುವುದಿಲ್ಲ.

ನದಿ ಬಂದ ಗುರುತು

ಇನ್ನು ನೆಲದ ಮಾತು. ನಮ್ಮ ನಾಲ್ಕೂ ತಾಲೂಕುಗಳು ಕೃಷ್ಣೆ, ಘಟಪ್ರಭೆಯ ನಡುವೆ, ಆಚೀಚೆ ಇವೆ. 2005, 2019, 2021ರಲ್ಲಿ ಹೊಳೆ ಬಂದದ್ದನ್ನು ಯಾರೂ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಮುತ್ತೂರು, ಶೂರ್ಪಾಲಿ, ತಮದಡ್ಡಿ, ಘಟಪ್ರಭೆಯ ದಂಡೆಯ ಮಿರ್ಜಿ, ಢವಳೇಶ್ವರ, ಮುಧೋಳ ಪಟ್ಟಣದ ತಗ್ಗು ಓಣಿಗಳು ನೀರಲ್ಲಿ ನಿಂತವು. ಮಣ್ಣಿನ ಗೋಡೆಗಳು ಕರಗಿ ಕುಸಿದವು. ಹೊಳೆಯ ಸಮೀಪ ಮನೆ ಕೊಳ್ಳುವವರು ಅಕ್ಕಪಕ್ಕದ ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ: 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಎಷ್ಟು ದಿನ ನಿಂತಿತ್ತು? ಆ ಗುರುತಿಗಿಂತ ಮೇಲೆ ಪಾಯ ಎತ್ತಲು ಆಗದಿದ್ದರೆ ಆ ಜಾಗ ಬಿಡುವುದೇ ಲೇಸು. ಈಗಾಗಲೇ ಅಲ್ಲಿ ಇರುವವರು ಮೀಟರು, ಸ್ವಿಚ್ಚುಗಳನ್ನು ಗುರುತಿಗಿಂತ ಮೇಲೆ ಹಾಕಿಸಿ, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಕಡೆ ಇಡಿ. ಪೂರ್ತಿ ಬಿದ್ದ ಮನೆಗೆ ಸರಕಾರ ಆ ವರ್ಷ 5 ಲಕ್ಷ ರೂಪಾಯಿ ಘೋಷಿಸಿತ್ತು. ಇಂಥ ಪರಿಹಾರ ಹುಡುಕಿಕೊಂಡು ಬರುವುದು ದಾಖಲೆಯಲ್ಲಿರುವ ಹೆಸರನ್ನು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುವ ಮನೆಯನ್ನು ಇಂದೇ ವಾರಸಾ ಮಾಡಿಸಿ.

ಬೀಳಗಿ, ಜಮಖಂಡಿ ಕಡೆ ಆಲಮಟ್ಟಿ ಹಿನ್ನೀರಿನ ಪ್ರಶ್ನೆಯೂ ಇದೆ. ಜಲಾಶಯದ ಈಗಿನ ಮಟ್ಟ 519.60 ಮೀಟರ್. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಅದನ್ನು 524.256 ಮೀಟರಿಗೆ ಏರಿಸುವುದಿದೆ. ಮುಳುಗುವ 75,563 ಎಕರೆಗೆ ನೀರಾವರಿ ಜಮೀನಾದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಪರಿಹಾರದ ಆಸೆಯಿಂದ ಅಂಥ ಜಾಗ ಕೊಳ್ಳಲು ಓಡುವವರು ಒಂದು ವಿಷಯ ತಿಳಿದಿರಲಿ. 2013ರ ಭೂಸ್ವಾಧೀನ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆ ಜಮೀನಿನ ವ್ಯವಹಾರ ಮಾಡುವಂತಿಲ್ಲ. ಮೊದಲು ಭೂಸ್ವಾಧೀನ ಅಧಿಕಾರಿಯ ಕಚೇರಿಯಲ್ಲಿ ಸರ್ವೆ ನಂಬರು ತೋರಿಸಿ ಕೇಳಿ. ಪರಿಹಾರ ಪಡೆಯುವ ಮನೆಯವರೂ ನೆನಪಿಡಬೇಕು: ಭೂಮಿ ಹೋಗಿ ಹಣ ಬಂದರೂ ಪಾಲು ಬದಲಾಗುವುದಿಲ್ಲ. ಆ ಚೆಕ್ಕಿನಲ್ಲಿ ತಂಗಿಯದೂ ಇದೆ, ತಾಯಿಯದೂ ಇದೆ.

ಎರೆ ನೆಲದ ಗುಣ

ನಮ್ಮಲ್ಲಿ ಬಹಳ ಕಡೆ ನೆಲ ಎರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಹೋಗುವಷ್ಟು ಬಾಯಿಬಿಡುತ್ತದೆ. ಅದರ ಮೇಲೆ ಮೂರಡಿ ಪಾಯ ತೋಡಿ ಕಟ್ಟಿದ ಮನೆ ಪ್ರತಿ ವರ್ಷ ಎದ್ದು ಕುಳಿತು ಮಾಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದು, ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುವುದು ಇದರಿಂದಲೇ.

ಕಟ್ಟುವವರು ಮೊದಲು ಒಂದು ಗುಂಡಿ ತೋಡಿಸಿ ಗರಸು ಎಷ್ಟು ಆಳದಲ್ಲಿದೆ ನೋಡಿ. ಗರಸು ಹತ್ತಿರವಿದ್ದರೆ ಪಾಯ ಅದರವರೆಗೂ ಹೋಗಲಿ. ಎರೆ ಬಹಳ ದಪ್ಪವಿದ್ದರೆ ಎಂಜಿನಿಯರನ್ನು ಕೇಳಿ. ಕೆಳಗೆ ಅಗಲವಾಗುವ ಪೈಲ್ ಹಾಕಿ ಮೇಲೆ ಬೀಮು ಕಟ್ಟುವ ವಿಧಾನ ಇಂಥ ನೆಲಕ್ಕೆಂದೇ ಬಂದದ್ದು. ತೆಗೆದ ಎರೆ ಮಣ್ಣನ್ನೇ ಮತ್ತೆ ಪಾಯದೊಳಗೆ ತುಂಬಬೇಡಿ, ಗರಸು ತುಂಬಿ ನೀರು ಹೊಡೆದು ಗಟ್ಟಿಮಾಡಿ.

ಕಟ್ಟಿ ಆದ ಮನೆಗೆ ಮುಖ್ಯ ಮದ್ದು ನೀರನ್ನು ದೂರ ಇಡುವುದು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುತ್ತಿದ್ದರೆ ಆ ಕಡೆಯ ನೆಲ ಉಬ್ಬಿ, ಇನ್ನೊಂದು ಕಡೆ ಒಣಗಿ, ಗೋಡೆ ನಡುವೆ ಸೀಳುತ್ತದೆ. ಸುತ್ತಲೂ ಮೂರಡಿ ಅಗಲದ ಇಳಿಜಾರು ಫರಸಿ ಹಾಕಿಸಿ. ದೊಡ್ಡದಾಗುವ ಗಿಡವನ್ನು ಗೋಡೆಗೆ ಒತ್ತಿ ಹಚ್ಚಬೇಡಿ, ಅದರ ಬೇರು ಬುಡದ ತೇವ ಹೀರುತ್ತದೆ.

ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಬಿರುಕಿನ ಕೊನೆಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಸಿಮೆಂಟಿನಿಂದ ಕೂರಿಸಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಒಡೆಯದಿದ್ದರೆ ಬಿರುಕು ನಿಂತಿದೆ, ತುಂಬಿ ಗಿಲಾವು ಮಾಡಿ. ಒಡೆದರೆ ಗಿಲಾವಿಗೆ ಹಾಕುವ ಹಣ ದಂಡ. ಮೊದಲು ಬುಡ ನೋಡಿ.

ಕಬ್ಬಿಗೆ ನೀರು ಹಾಯಿಸಿ ಸವಳು-ಜವಳಾದ ಹೊಲಗಳು ಈಗ ಪ್ಲಾಟುಗಳಾಗುತ್ತಿವೆ. ಅಲ್ಲಿ ಉಪ್ಪು ತೇವದೊಂದಿಗೆ ಗೋಡೆ ಹತ್ತಿ ಬಣ್ಣ ಉದುರಿಸುತ್ತದೆ. ಪಾಯದ ಮೇಲೆ ತೇವ ತಡೆಯುವ ಡಿಪಿಸಿ ಪದರು ಬಿಡದೆ ಹಾಕಿಸಿ, ಪಾಯ ರಸ್ತೆಗಿಂತ ಎತ್ತರವಿರಲಿ.

ಹಳೆಯ ಮನೆಯ ದುರಸ್ತಿ

ಹಳೆಯದೆಂದು ಎಲ್ಲವನ್ನೂ ಕೆಡವಬೇಕಿಲ್ಲ. ದಪ್ಪ ಗೋಡೆಯ ಮೇಲ್ಮುದ್ದೆ ಮನೆ ನಮ್ಮ ಬೇಸಿಗೆಯಲ್ಲಿ ಕೊಡುವ ತಂಪನ್ನು ಸ್ಲ್ಯಾಬು ಕೊಡುವುದಿಲ್ಲ. ಆದರೆ ಸೋರುತ್ತದೆಂದು ಪ್ರತಿ ವರ್ಷ ಮೇಲೆ ಮಣ್ಣು ಏರಿಸುವುದು ಅಪಾಯ. ಹತ್ತಡಿ ಉದ್ದಗಲದ ಒಂದು ಕೋಣೆಯ ಮೇಲೆ ಒಂದು ಇಂಚು ಮಣ್ಣು ಎಂದರೆ ಸುಮಾರು 4 ಕ್ವಿಂಟಲ್ ಭಾರ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಐದಾರು ವರ್ಷಕ್ಕೆ ಜಂತಿಗಳ ಮೇಲೆ ಎಷ್ಟು ಹೊರೆಯಾಯಿತೆಂದು ಲೆಕ್ಕ ಹಾಕಿ. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಇಳಿಸಿ. ಜಂತಿಗಳು ಗೋಡೆಯೊಳಗೆ ಹೋಗುವ ತುದಿಯನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಮಳೆಗಾಲ ಕಾಯಬೇಡಿ, ಅಲ್ಲಿ ಮಕ್ಕಳನ್ನು ಮಲಗಿಸಬೇಡಿ. ಕಲ್ಲು ಮಣ್ಣಿನ ಗೋಡೆಗೆ ಗಟ್ಟಿ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಕೊಳೆಯುತ್ತದೆ. ಸುಣ್ಣದ ಗಿಲಾವು ಅದಕ್ಕೆ ಹೊಂದುತ್ತದೆ.

ಹಳೆಯ ಮನೆಯ ನೆಲದಡಿ ಜೋಳ ತುಂಬುತ್ತಿದ್ದ ಹಗೇವು ಇರಬಹುದು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕುಣಿಮಗ್ಗದ ಕುಣಿ ಸಡಿಲ ಮಣ್ಣಿನಿಂದ ಮುಚ್ಚಿರಬಹುದು. ಅದರ ಮೇಲೆ ಕಂಬ ನಿಲ್ಲಿಸಿದರೆ ಕುಸಿಯುತ್ತದೆ. ಹಿರಿಯರನ್ನು ಕೇಳಿ, ಹಾರೆಯಿಂದ ಕುಟ್ಟಿ ಟೊಳ್ಳು ಶಬ್ದ ಕೇಳಿ, ತೆಗೆದು ಗರಸು ತುಂಬಿ ಗಟ್ಟಿಮಾಡಿ. ವಿದ್ಯುತ್ ಮಗ್ಗವನ್ನು ಮಹಡಿಯ ಮೇಲೆ ಇಡುವ ಯೋಚನೆಯಿದ್ದರೆ ಮನೆ ಕಟ್ಟುವಾಗಲೇ ಎಂಜಿನಿಯರಿಗೆ ಹೇಳಿ. ವಾಸಕ್ಕೆಂದು ಹಾಕಿದ ಸ್ಲ್ಯಾಬು ಮಗ್ಗದ ಬಡಿತ ತಡೆಯಲೆಂದು ಮಾಡಿದ್ದಲ್ಲ. ಅರ್ಥಿಂಗ್ ಇಲ್ಲದ ಹಳೆಯ ವೈರಿಂಗ್ ಇದ್ದರೆ ಬಣ್ಣಕ್ಕಿಂತ ಮೊದಲು ಅದನ್ನು ಬದಲಿಸಿ.

ಸ್ಲ್ಯಾಬು ಹಾಕುವಾಗ ಕಾಂಕ್ರೀಟು ಸುಲಭವಾಗಿ ಹರಿಯಲೆಂದು ನೀರು ಸುರಿಸಲು ಬಿಡಬೇಡಿ. ಒಂದು ಚೀಲ ಸಿಮೆಂಟಿಗೆ 25ರಿಂದ 27 ಲೀಟರ್ ಸಾಕು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ಹತ್ತು ಹದಿನಾಲ್ಕು ದಿನ ನೀರು ನಿಲ್ಲಿಸಿ. 15 ಅಡಿಗಿಂತ ಅಗಲದ ಸ್ಲ್ಯಾಬಿನ ಕೆಳಗಿನ ಆಧಾರವನ್ನು 14 ದಿನದ ಮೊದಲು ತೆಗೆಯಬೇಡಿ. ಗೌಂಡಿಯೊಂದಿಗೆ ಚದರಡಿ ದರ, ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಬರೆದುಕೊಳ್ಳಿ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಗೃಹಪ್ರವೇಶದ ಬಿರಿಯಾನಿಗೆ ಹಣವಿದ್ದು ಗೌಂಡಿಯ ಬಾಕಿಗೆ ಇಲ್ಲದಿರುವುದು ನಾಚಿಕೆಗೇಡು.

ನೆರೆಮನೆಯವರು ಯಾವ ಧರ್ಮದವರಾದರೂ ಅವರ ಹಕ್ಕು ಒಂದೇ. ಸಾಮಾಯಿಕ ಗೋಡೆ ಮುಟ್ಟುವ ಮೊದಲು ಅವರನ್ನು ಕೇಳಿ. ನಿಮ್ಮ ಮಾಳಿಗೆಯ ನೀರು ಅವರ ಅಂಗಳಕ್ಕೆ, ನಿಮ್ಮ ಕಿಟಕಿ ಅವರ ಬಚ್ಚಲ ಕಡೆಗೆ ಬೇಡ. ಉಸುಕು, ಕಲ್ಲು ದಾರಿಯಲ್ಲಿ ಹಾಕಿದರೆ ಸಂಜೆಗೆ ಸರಿಸಿ. ನಿಮ್ಮ ಪಾಲು ಮಾರುವುದಾದರೆ ಮೊದಲು ಪಾಲುದಾರರನ್ನು ಕೇಳಿ, ಆಮೇಲೆ ನೆರೆಯವರನ್ನು ಕೇಳಿ, ಬಳಿಕ ಹೊರಗಿನವರನ್ನು ನೋಡಿ.

ಹಣ ಎಲ್ಲಿಂದ?

ಬಡ್ಡಿಯ ಸಾಲದಿಂದ ಕಟ್ಟಿದ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಹೇಳುವುದು ಸುಲಭ. ಸಾಲವಿಲ್ಲದೆ ಹೇಗೆ ಎಂದು ಜನ ಕೇಳುವುದೂ ನ್ಯಾಯವೇ. ನಮಗೆ ತೋರುವ ದಾರಿ ಹಂತ ಹಂತವಾಗಿ ಕಟ್ಟುವುದು. ಈ ವರ್ಷ ಪಾಯ ಮತ್ತು ಒಂದು ಕೋಣೆ, ಮುಂದಿನ ವರ್ಷ ಅಡುಗೆಮನೆ. ನಾಳೆ ಮಹಡಿ ಏರಿಸುವುದಿದ್ದರೆ ಅದರ ಪಾಯವನ್ನು ಇಂದೇ ಹಾಕಿ. ಹರಾಜಿಲ್ಲದೆ ಎಲ್ಲರಿಗೂ ಒಂದೇ ಮೊತ್ತ ಸಿಗುವ ಭಿಶಿ ಒಳ್ಳೆಯ ನೆರವು. ಹರಾಜಿನಲ್ಲಿ ಹಣ ಬಿಟ್ಟು ಎತ್ತುವ ಚೀಟಿಯಿಂದ ದೂರವಿರಿ. ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಮನೆ ಬಳಸಿ ಕೊನೆಗೆ ಪೂರ್ತಿ ಹಣ ವಾಪಸು ಪಡೆಯುವ ಭೋಗ್ಯವೂ ಸಾಲದ ಮೇಲಿನ ಲಾಭವೇ ಎಂದು ಬಹುತೇಕ ಉಲಮಾ ಹೇಳುತ್ತಾರೆ. ನ್ಯಾಯವಾದ ಬಾಡಿಗೆ ಗೊತ್ತುಮಾಡಿ ಕೊಡಿ.

ಮಾರುವವರಿಗೆ

ಒಮ್ಮೆ ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದರು. ಮೇಲೆ ಒಣಗಿತ್ತು, ಒಳಗೆ ತೇವವಿತ್ತು. ಜನ ನೋಡುವಂತೆ ಒದ್ದೆಯನ್ನು ಮೇಲೇಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಹೇಳಿದರು. ತೇವದ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಬಳಿದು ಗಿರಾಕಿ ಕರೆಯುವುದು ಅದೇ ರಾಶಿ. 2019ರ ನೀರಿನ ಗುರುತು ಅಳಿಸಿ ಮಾರುವುದೂ ಅದೇ. ದೋಷ ಹೇಳಿದರೆ ಐವತ್ತು ಸಾವಿರ ಕಡಿಮೆ ಬರಬಹುದು, ಆದರೆ ಆ ಹಣದಲ್ಲಿ ಬರಕತ್ ಇರುತ್ತದೆ.

ಕೊನೆಗೆ ಮನೆಯ ಗೋಡೆಗೆ ಅಂಟಿಸಿಕೊಳ್ಳಬಹುದಾದ ಐದು ಪ್ರಶ್ನೆ. ಉತಾರದ ಹಿಂದಿನ ಎಲ್ಲ ವಾರಸುದಾರರು ಯಾರು? ಅವರಲ್ಲಿ ಹೆಣ್ಣುಮಕ್ಕಳೂ ಚಿಕ್ಕವರೂ ಇದ್ದಾರೆಯೇ? ಹೊಳೆ ಎಲ್ಲಿಯವರೆಗೆ ಬಂದಿತ್ತು? ಗರಸು ಎಷ್ಟು ಆಳದಲ್ಲಿದೆ? ನನ್ನ ಹಣ ಯಾವ ಲೆಕ್ಕದಲ್ಲಿ ಹೋಗುತ್ತಿದೆ ಎಂದು ಬರೆದಿದ್ದೇನೆಯೇ? ಐದಕ್ಕೂ ಉತ್ತರ ಸಿಕ್ಕ ಮೇಲೆ ಸಂಚಕಾರ ಕೊಡಿ. ಈಗಾಗಲೇ ತಂಗಿಯ ಪಾಲು ಒಳಗಿಟ್ಟುಕೊಂಡು ಕಟ್ಟಿದ ಮನೆಯಲ್ಲಿ ಇರುವವರು ತಡವಾಯಿತೆಂದು ಕೈಚೆಲ್ಲಬೇಡಿ. ಇಂದಿನ ಬೆಲೆ ಕಟ್ಟಿ, ಕಂತಿನಲ್ಲಾದರೂ ಕೊಡತೊಡಗಿ. ಅವಳು ತೀರಿದ್ದರೆ ಅವಳ ಮಕ್ಕಳಿಗೆ ಕೊಡಿ.

ಯಾರ ಹಕ್ಕೂ ಸಿಕ್ಕಿಕೊಂಡಿರದ ಗೋಡೆಗಳ ನಡುವೆ ನಮ್ಮ ಮಕ್ಕಳು ಬೆಳೆಯುವಂತೆ ಅಲ್ಲಾಹನು ಅನುಗ್ರಹಿಸಲಿ. ಮನೆಯಿಲ್ಲದವರಿಗೆ ಮನೆಯನ್ನೂ ಮನೆಯಿರುವವರಿಗೆ ನೆಮ್ಮದಿಯನ್ನೂ ಕರುಣಿಸಲಿ. ಆಮೀನ್.